ಹುಳುವಿನ ಜ್ವರ, ಯಜಮಾನರ ಬಿ.ಪಿ.

ಬೇರೆಯವರ ಆರೋಗ್ಯ ನೋಡಿಕೊಳ್ಳುವುದರಲ್ಲಿರುವ ಸುಖ ನಮ್ಮ ಆರೋಗ್ಯ ನೋಡಿಕೊಳ್ಳುವುದರಲ್ಲಿ ಇಲ್ಲ. ನಮ್ಮದಕ್ಕಾದರೆ ಬೆಳಿಗ್ಗೆ ಬೇಗ ಏಳಬೇಕು, ಬೆವರು ಬರುವ ಹಾಗೆ ನಡೆಯಬೇಕು, ಬೋಂಡದ ಅಂಗಡಿ ಎದುರಾದಾಗ ರಸ್ತೆ ದಾಟಿ ಆಚೆ ಬದಿಗೆ ಹೋಗಬೇಕು. ಬೇರೆಯವರದಕ್ಕೆ ಇವೇನೂ ಬೇಡ, ಬಾಯೊಂದಿದ್ದರೆ ಸಾಕು. ದೇವರು ನನಗೆ ಅದನ್ನು ಕೊಡುವಾಗ ಕೈ ಬಿಗಿ ಮಾಡಿಲ್ಲ. ಸಾಲದ್ದಕ್ಕೆ ನಾನು ಕನಕಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ವರ್ಷ ವರ್ಷವೂ ಮಕ್ಕಳಿಂದ ಹೃದಯದ ಚಿತ್ರ ಬರೆಸಿ, ನಾಲ್ಕು ಕೋಣೆಗಳಿಗೂ ಹೆಸರು ಹಾಕಿಸಿ, ಬಾಣದ ಗುರುತು ತಪ್ಪಿದವರಿಗೆ ಅಂಕ ಕಳೆದವಳು. ಹೀಗಾಗಿ ರಕ್ತದೊತ್ತಡ ಎನ್ನುವುದು ನಮ್ಮ ಮನೆಗೆ ಬಂದರೂ ನನ್ನ ಮಾತು ಕೇಳಿಕೊಂಡು ಬಿದ್ದಿರುತ್ತದೆ ಎಂದುಕೊಂಡಿದ್ದೆ. ಬಂತು. ಮಾತು ಮಾತ್ರ ಕೇಳಲಿಲ್ಲ. ಅದು ಬಂದದ್ದು ನಮ್ಮ ಯಜಮಾನರಿಗೆ, ಕಲಿತದ್ದು ನಾನು. ಆ ಕಥೆ ಹೇಳಬೇಕಾದರೆ ಮೊದಲು ನಮ್ಮ ಮನೆಯ ಹುಳುಗಳ ವಿಷಯ ಹೇಳಬೇಕು. ಯಾಕೆಂದರೆ ನಮ್ಮ ಮನೆಯಲ್ಲಿ ಯಾವ ಕಥೆಯೂ ಹುಳುವನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ.

ನಮ್ಮದು ದೊಡ್ಡಆಲಹಳ್ಳಿ ಕಡೆ ಒಂದು ಹಳ್ಳಿ. ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಮನೆಯ ಹಿಂದೆ ಹುಳುಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ನಾವು ವಾಸ ಮಾಡುವ ಮನೆಗೆ ಸುಣ್ಣ ಬಣ್ಣ ಕಂಡು ಎಷ್ಟು ವರ್ಷವಾಯಿತೋ, ಹುಳುಮನೆಗೆ ಮಾತ್ರ ಪ್ರತಿ ಬೆಳೆ ಮುಗಿದ ಮೇಲೂ ತೊಳೆದು ಬಳಿಯುವ ಭಾಗ್ಯ. ಅದರ ಗೋಡೆಯ ಮೇಲೆ ಬಿಸಿ ಎಷ್ಟು, ತೇವ ಎಷ್ಟು ಎಂದು ತೋರಿಸುವ ಎರಡು ಗಾಜಿನ ಕೊಳವೆಗಳಿವೆ. ಬಿಸಿಲು ಜಾಸ್ತಿಯಾದರೆ ಕಿಟಕಿಗೆ ಒದ್ದೆ ಗೋಣಿತಾಟು, ಚಳಿಯಾದರೆ ಹೀಟರು. ಒಳಗೆ ಹೋಗುವವರು ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಹೋಗಬೇಕು. ಊದುಬತ್ತಿ ಹಚ್ಚುವ ಹಾಗಿಲ್ಲ, ಬೀಡಿ ಸೇದಿದವರು ಹತ್ತಿರ ಸುಳಿಯುವ ಹಾಗಿಲ್ಲ, ಪೌಡರ್ ಬಳಿದುಕೊಂಡು ಬಂದ ನೆಂಟರಿಗೆ ಪ್ರವೇಶವಿಲ್ಲ. ಹುಳುಮನೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಜಗಳವಾಡಿದರೆ ನಮ್ಮತ್ತೆಗೆ ಆಗುವುದಿಲ್ಲ. "ಒಳಗೆ ಮಕ್ಳು ಮನ್ಗವೆ, ಬಾಯ್ ಮುಚ್ರಿ" ಎನ್ನುತ್ತಾರೆ. ಅದೇ ಅತ್ತೆ ನಡುಮನೆಯಲ್ಲಿ ಟಿವಿ ಹಚ್ಚಿದರೆ ಅದರ ಸದ್ದು ಮೂರನೇ ಮನೆಗೆ ಕೇಳಿಸುತ್ತದೆ. ಮನುಷ್ಯರಿಗೆ ಕಿವಿ ಇದೆಯೆಂದಾಗಲಿ, ಅದರಾಚೆಗೆ ಒಂದು ತಲೆ ಇದೆಯೆಂದಾಗಲಿ ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರಬೇಕು. ಮೊದಲ ಎರಡು ಜ್ವರ ಮುಗಿದ ಮರಿಗಳನ್ನು ನಾವು ಕೊಂಡು ತರುತ್ತೇವೆ, ಉಳಿದೆರಡು ನಮ್ಮ ಮನೆಯಲ್ಲಿ ಆಗುತ್ತವೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಅಲುಗಾಡದೆ ಕೂತುಬಿಡುತ್ತದೆ. ಆಗ ಅದನ್ನು ಯಾರೂ ತಿನ್ನು ಎನ್ನುವುದಿಲ್ಲ, ಏಳು ಎನ್ನುವುದಿಲ್ಲ, ಯಾಕೆ ಹೀಗೆ ಕೂತಿದ್ದೀಯ ಎಂದು ಕೇಳುವುದಿಲ್ಲ. ಎಲ್ಲ ಹುಳುವೂ ಎದ್ದ ಮೇಲೆಯೇ ಸೊಪ್ಪು. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ನನಗೆ ಹುಳುಗಳ ಮೇಲೆ ಹೊಟ್ಟೆಕಿಚ್ಚೇ ಆಗಿತ್ತು. ನನಗೆ ನಿಜವಾದ ಜ್ವರ ಬಂದು ಮಲಗಿದ್ದಾಗ ಗಂಟೆಗೊಬ್ಬರು ಬಂದು, "ಎದ್ದು ಒಸಿ ಓಡಾಡಿದ್ರೆ ಸರಿಯೋಯ್ತದೆ" ಎಂದು ಹೇಳಿ ಹೋಗುತ್ತಿದ್ದರು.

ಈ ಜ್ವರಗಳೇ ನಮ್ಮ ಮನೆಯ ಪಂಚಾಂಗ. ನನ್ನ ಹಲ್ಲುನೋವಿಗೆ ಮೂರನೇ ಜ್ವರ ಕಳೆಯುವ ತನಕ ಲವಂಗವೇ ಗತಿಯಾಗಿತ್ತು. ಅತ್ತೆಯ ಕಣ್ಣಿನ ಪೊರೆ ತೆಗೆಸುವುದು ಒಂದು ಬೆಳೆಯಿಂದ ಇನ್ನೊಂದು ಬೆಳೆಗೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ, ಕೊನೆಗೆ ಅವರು ಹುಳುವಿಗೆ ಹಾಕಬೇಕಾದ ಸೊಪ್ಪನ್ನು ಹಸುವಿಗೆ ಹಾಕಿದ ದಿನ ಮುಹೂರ್ತ ಕೂಡಿಬಂತು. ನಾಲ್ಕನೇ ಜ್ವರ ಕಳೆದ ಮೇಲಂತೂ ಕೇಳಲೇಬೇಡಿ. ಹುಳುಗಳು ಹಗಲೂ ರಾತ್ರಿ ತಿನ್ನುತ್ತವೆ, ನಾವು ನಿಂತುಕೊಂಡೇ ಉಣ್ಣುತ್ತೇವೆ. ಆಗ ಯಾರಿಗೆ ಏನಾದರೂ "ಹುಳ ಹಣ್ಣಾಗ್ಲಿ, ನೋಡಾನ" ಎಂಬುದೊಂದೇ ಔಷಧ. ಗೂಡು ಕಟ್ಟಲು ತಯಾರಾದ ಹುಳುವಿಗೆ ಹಣ್ಣಾಯಿತು ಎನ್ನುತ್ತಾರೆ. ಅಷ್ಟರಲ್ಲಿ ನಾವೂ ಒಂದು ರೀತಿಯಲ್ಲಿ ಹಣ್ಣಾಗಿರುತ್ತೇವೆ.

ಹೋದ ವರ್ಷ ಮಾಗಿ ಕಳೆದ ಮೇಲಿನ ಬೆಳೆಯಲ್ಲಿ, ನಾಲ್ಕನೇ ಜ್ವರ ಕಳೆದು ಹುಳುಗಳು ಬಕಾಸುರನಂತೆ ತಿನ್ನುತ್ತಿದ್ದಾಗ, ನಮ್ಮ ಯಜಮಾನರು ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ಇದ್ದವರು ಕಣ್ಣು ಕತ್ತಲೆ ಬಂದು ಬದುವಿನ ಮೇಲೆ ಕೂತುಬಿಟ್ಟರು. ಭಾನುವಾರವಾದ್ದರಿಂದ ನಾನು ಮನೆಯಲ್ಲೇ ಇದ್ದೆ. ಓಡಿಹೋಗಿ ನೋಡಿದರೆ ಹಣೆ ತುಂಬ ಬೆವರು, ಕೈಯಲ್ಲಿ ಕುಡುಗೋಲು ಹಾಗೇ ಇದೆ. "ಏಳಿ, ಆಸ್ಪತ್ರೆಗೆ ಹೋಗೋಣ" ಎಂದೆ. "ಏನಿಲ್ಲ ಬುಡು, ಬಿಸ್ಲು. ಹುಳ ಚಂದ್ರಿಕೆಗೆ ಬುಟ್ಮೇಲೆ ಓಗಾನ" ಎಂದರು. ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟುವ ತಟ್ಟೆ. ಆಮೇಲೆ ಹುಳುವನ್ನು ಚಂದ್ರಿಕೆಗೆ ಬಿಟ್ಟದ್ದಾಯಿತು, ಗೂಡು ಬಿಡಿಸಿದ್ದಾಯಿತು, ರಾಮನಗರದ ಮಾರುಕಟ್ಟೆಗೆ ಹಾಕಿದ್ದೂ ಆಯಿತು. ಅಷ್ಟು ದಿನವೂ ನಾನು ಅವರ ಮುಖವನ್ನೇ ನೋಡುತ್ತಾ ಓಡಾಡಿದೆ.

ನಾನು ಅಷ್ಟು ಹೆದರಿದ್ದಕ್ಕೆ ಕಾರಣ ಆ "ಬಿಸ್ಲು" ಎಂಬ ಮಾತು. ನನ್ನ ತವರು ರಾಮನಗರ. ನಮ್ಮಪ್ಪ ಅಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಘಟಕ ಇಟ್ಟುಕೊಂಡಿದ್ದರು. ತಲೆನೋವು ಎನ್ನುತ್ತಿದ್ದರು, ಕತ್ತು ಹಿಡಿದುಕೊಳ್ಳುತ್ತಿದ್ದರು, ಕೇಳಿದರೆ ಬಿಸಿಲು ಎನ್ನುತ್ತಿದ್ದರು, ಇಲ್ಲದಿದ್ದರೆ ಕುದಿಯುವ ನೀರಿನ ಹಬೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಹೆರೆಯುತ್ತಾ ನಿಂತಿದ್ದವರ ಬಾಯಿ ಒಂದು ಕಡೆಗೆ ಜಾರಿತು. ಅರ್ಧ ಮುಖಕ್ಕೆ ನೊರೆ ಹಾಗೇ ಇತ್ತು. ಆಮೇಲೆ ಎಷ್ಟೋ ವರ್ಷ ಬದುಕಿದ್ದರು. ಮಾತು ಮಾತ್ರ ಬರಲಿಲ್ಲ. ನನ್ನ ಮದುವೆಯಲ್ಲಿ ಧಾರೆ ಎರೆಯುವಾಗ ಅವರ ಕೈಯನ್ನು ಚಿಕ್ಕಪ್ಪ ಹಿಡಿದುಕೊಂಡಿದ್ದರು. ಈ ವಿಷಯವನ್ನು ನಾನು ಯಾರ ಹತ್ತಿರವೂ ಹೆಚ್ಚಾಗಿ ಆಡುವುದಿಲ್ಲ. ಯಜಮಾನರ ಹತ್ತಿರವೂ ಆಡಿದವಳಲ್ಲ. ಅವರು ಮಾವನನ್ನು ನೋಡಿದ್ದರು, ಅದರಲ್ಲಿ ಹೇಳುವುದಕ್ಕೇನಿದೆ ಎಂದುಕೊಂಡಿದ್ದೆ.

ಕನಕಪುರದ ಡಾಕ್ಟರು ಬಿ.ಪಿ. ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಯಜಮಾನರು ಕಾರಣ ಹೇಳಿದರು. ಡಾಕ್ಟರೂ ಈ ಕಡೆಯವರೇ, ಆದ್ದರಿಂದ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ, ಬೈದರು ಅಷ್ಟೆ. ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, "ಮನೆಯಲ್ಲೇ ದಿನಾ ಬಿ.ಪಿ. ನೋಡ್ತಾ ಇರಿ. ಇಳೀಲಿಲ್ಲ ಅಂದ್ರೆ ಇನ್ನೊಂದು ಮಾತ್ರೆ ಸೇರಿಸಬೇಕಾಗುತ್ತೆ. ಉಪ್ಪು ಕಡಿಮೆ ಮಾಡಿ, ಟೆನ್ಷನ್ ಬೇಡ" ಎಂದರು. ಹೊರಗೆ ಬಂದ ಮೇಲೆ ಯಜಮಾನರು, "ಒಂದ್ ಮಾತ್ರೆ ನುಂಗ್ತೀನಿ. ಎರಡ್ನೇದು ಬಂದ್ರೆ ಮಾತ್ರ ನಾನು ಕಾಯ್ಲೆಯವ್ನಾದಂಗೆ" ಎಂದರು. ನನಗೂ ಹಾಗೇ ಅನ್ನಿಸಿತು. ಆ ಎರಡನೇ ಮಾತ್ರೆಯಾಚೆ ನಮ್ಮಪ್ಪ ನಿಂತಿದ್ದ ಕನ್ನಡಿ ಇದೆ ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಅಲ್ಲಿಂದ ಸೀದಾ ಔಷಧದ ಅಂಗಡಿಗೆ ಹೋಗಿ ಬಿ.ಪಿ. ಮಿಷನ್ ಕೊಂಡೆ.

ಟೆನ್ಷನ್ ಬೇಡ ಎಂದು ಡಾಕ್ಟರು ಹೇಳಿದ್ದನ್ನು ನಾನು ತುಂಬ ಟೆನ್ಷನ್ ಮಾಡಿಕೊಂಡು ಜಾರಿಗೆ ತಂದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಯಜಮಾನರನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ, ತೋಳು ಮೇಜಿನ ಮೇಲೆ. ಅತ್ತೆ ಟಿವಿ ಆರಿಸಬೇಕು, ಕೋಳಿಗಳನ್ನು ಹಿತ್ತಲಿಗೆ ಅಟ್ಟಬೇಕು, ಮೊಬೈಲು ಅಡುಗೆಮನೆಗೆ ಹೋಗಬೇಕು. ಪರೀಕ್ಷೆಯ ಕೊಠಡಿಯಲ್ಲಿ ಇರುವ ಹಾಗೆ ಮೌನ. ಆಮೇಲೆ ಪಟ್ಟಿ ಕಟ್ಟಿ, ಗುಂಡಿ ಒತ್ತಿ, ಅವರ ಮುಂದೆಯೇ ಬಗ್ಗಿ ನಿಂತು ಅಂಕಿ ಏರುವುದನ್ನು ನೋಡುತ್ತಿದ್ದೆ. ನೂರ ಅರವತ್ತರ ಹತ್ತಿರ ನಿಂತರೆ ನನ್ನ ಬಾಯಿಂದ ತಾನಾಗಿ "ಹ್ಞೂಂ" ಎಂದು ಬರುತ್ತಿತ್ತು. ಉತ್ತರಪತ್ರಿಕೆಯಲ್ಲಿ ಶ್ವಾಸಕೋಶದ ಜಾಗದಲ್ಲಿ ಜಠರ ಬರೆದವರಿಗೆ ಹೇಳುವ ಹ್ಞೂಂ ಅದು. "ನಿನ್ನೆ ಏನು ತಿಂದ್ರಿ? ಯಾರ ಹತ್ರ ಜಗಳ ಆಡಿದ್ರಿ? ಕರೆಂಟಿನವರ ಹತ್ರಾನಾ?" ಎಂದು ವಿಚಾರಣೆ. ಸರಿ, ಇನ್ನೊಂದು ಸಲ ನೋಡೋಣ ಎಂದು ಮತ್ತೆ ಗುಂಡಿ ಒತ್ತಿದರೆ ಇನ್ನೂ ಮೇಲೆ. ಮೂರನೇ ಸಲ ಅದಕ್ಕೂ ಮೇಲೆ. ಅಷ್ಟರಲ್ಲಿ ನನ್ನ ಬಸ್ಸು ಹಾರನ್ ಹೊಡೆಯುತ್ತಿತ್ತು. ಆ ಅಂಕಿಯನ್ನು ತಲೆಯಲ್ಲಿ ಹೊತ್ತುಕೊಂಡು ಕನಕಪುರದ ತನಕ ನಿಂತುಕೊಂಡೇ ಹೋಗಿ, ಮೊದಲ ಪೀರಿಯಡ್ಡಿನಲ್ಲಿ ಏನೂ ತಪ್ಪು ಮಾಡದ ಮಕ್ಕಳನ್ನು ಬೈಯುತ್ತಿದ್ದೆ.

ಉಪ್ಪಿನ ವಿಷಯದಲ್ಲಿ ಅತ್ತೆಗೂ ನನಗೂ ಶೀತಲ ಸಮರವೇ ನಡೆಯಿತು. ನಮ್ಮ ಕಡೆ ಮುದ್ದೆಯ ಜೊತೆಗೆ ಉಪ್ಸಾರು ಇಲ್ಲದೆ ದಿನ ಮುಳುಗುವುದಿಲ್ಲ. ಕಾಳು ಸೊಪ್ಪು ಬೇಯಿಸಿದ ಕಟ್ಟಿಗೆ ಉಪ್ಪು, ಪಕ್ಕದಲ್ಲಿ ಖಾರ, ಅಷ್ಟೇ ಅದರ ಸೌಂದರ್ಯ. ಅದರಲ್ಲಿ ನಾನು ಉಪ್ಪಿಗೇ ಕತ್ತರಿ ಹಾಕಿದೆ. ಅತ್ತೆ ಒಂದು ತುತ್ತು ಅದ್ದಿ ಬಾಯಿಗಿಟ್ಟು, "ಅಲ್ಲ ಕಣವ್ವ ಸರೋಜ, ಉಪ್ಸಾರ್ಗೆ ಉಪ್ಪೇ ಆಕ್ಬಾರ್ದು ಅಂದ್ರೆ ಇದ್ನ ಏನಂತ ಕರೆಯಾದು? ಹುಳಕ್ಕೆ ಸೊಪ್ಪಿನ್ ಬದ್ಲು ಹುಲ್ಲು ಆಕಿದ್ರೆ ಅವು ತಿಂದಾವಾ?" ಎಂದರು. ಯಜಮಾನರು ಏನೂ ಹೇಳದೆ ಉಂಡೆದ್ದರು. ಅವರು ಏನೂ ಹೇಳದೆ ಏಳುವುದು ಒಳ್ಳೆಯ ಲಕ್ಷಣವಲ್ಲ. ಮರುದಿನದ ಅಂಕಿ ಅದನ್ನು ಹೇಳಿತು.

ಉಪ್ಪಲ್ಲ, ಜಗಳವಲ್ಲ, ಹಾಗಾದರೆ ಹುಳುವೇ ಇದಕ್ಕೆಲ್ಲ ಕಾರಣ ಎಂದು ನನಗೆ ಹೊಳೆಯಿತು. ಯೋಚನೆ ಮಾಡಿ ನೋಡಿ. ಹೊತ್ತು ಹೊತ್ತಿಗೆ ಸೊಪ್ಪು. ಪಂಪ್‌ಸೆಟ್ಟಿಗೆ ಕರೆಂಟು ಯಾವಾಗ ಬಂದರೆ ಆವಾಗ ಎದ್ದು ನೀರು ಹಾಯಿಸುವುದು. ಪಕ್ಕದ ತೋಟದವರು ಔಷಧ ಹೊಡೆದರೆ ಗಾಳಿ ಈ ಕಡೆ ಬೀಸುತ್ತದೆಯೇ ಎಂಬ ದಿಗಿಲು. ಬಾಗಿಲ ಪರದೆಯಲ್ಲಿ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೊಣ ನುಗ್ಗುವಷ್ಟು ತೂತು ಬಿದ್ದರೆ ಅದೊಂದು ದಿಗಿಲು. ಹುಳು ಚೆನ್ನಾಗಿದ್ದರೆ, ಚೆನ್ನಾಗಿದೆಯಲ್ಲ, ದೃಷ್ಟಿಯಾದರೆ ಎಂಬುದು ಮತ್ತೊಂದು. ಇಷ್ಟನ್ನೂ ತಲೆಯ ಮೇಲಿಟ್ಟುಕೊಂಡು ಒಬ್ಬ ಮನುಷ್ಯನ ನರಗಳು ಎಷ್ಟು ದಿನ ತಡೆದಾವು? ನಾವು ಒತ್ತಡವನ್ನು ದೊಡ್ಡ ದೊಡ್ಡ ಕಷ್ಟಗಳಲ್ಲಿ ಹುಡುಕುತ್ತೇವೆ. ಅದು ಇರುವುದು ಹೀಗೆ ದಿನವೂ ಆಗುವ, ಯಾರ ಹತ್ತಿರವೂ ಕಷ್ಟ ಎಂದು ಹೇಳಿಕೊಳ್ಳಲಾಗದಷ್ಟು ಸಣ್ಣ ಸಂಗತಿಗಳಲ್ಲಿ. ಈ ಮಾತು ನನಗೆ ತುಂಬ ಚೆನ್ನಾಗಿ ಕಂಡದ್ದರಿಂದ ಸ್ಟಾಫ್ ರೂಮಿನಲ್ಲೂ ಒಂದು ಸಲ ಹೇಳಿದೆ. ಎಲ್ಲರೂ ತಲೆದೂಗಿದರು. ಮಾತು ಈಗಲೂ ಸರಿಯೇ. ಆ ಸಣ್ಣ ಸಂಗತಿಗಳ ಸಾಲಿನಲ್ಲಿ ಒಂದನ್ನು ನಾನು ಬಿಟ್ಟಿದ್ದೆ, ಅಷ್ಟೇ.

ಬೇಸಿಗೆ ರಜೆ ಬರುವ ಹೊತ್ತಿಗೆ ಯಜಮಾನರ ಹಿಂದೆ ಬಿದ್ದೆ. "ಈ ಒಂದು ಬೆಳೆ ಬಿಡಿ. ಬಿಸಿಲಿಗೆ ಹುಳವೂ ಸರಿಯಾಗಿ ಬರಲ್ಲ. ನೀವೂ ಒಂದು ತಿಂಗಳು ಆರಾಮಾಗಿರಿ." ಅವರು ತುಂಬ ಹೊತ್ತು ಯೋಚನೆ ಮಾಡಿದರು. ಹುಳುಮನೆ ಕಟ್ಟಿದ ಮೇಲೆ ಅವರು ಬೇಕೆಂದೇ ಬೆಳೆ ಬಿಟ್ಟವರಲ್ಲ. "ನೀನು ಅಷ್ಟು ಕೇಳ್ತಿದ್ದೀಯ ಅಂತ ಬುಡ್ತೀನಿ" ಎಂದರು. ಗೆದ್ದೆ ಎಂದುಕೊಂಡೆ. ಹುಳುಮನೆಗೆ ಬೀಗ ಬಿತ್ತು. ಯಜಮಾನರು ಆರಾಮ ಮಾಡತೊಡಗಿದರು. ಆರಾಮ ಮಾಡುವುದು ಹೇಗೆ ಎಂದು ಆ ಮನುಷ್ಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ತೋಟದ ತನಕ ಹೋಗುವುದು, ಕೊಯ್ಯದೆ ನಿಂತ ಸೊಪ್ಪು ನೋಡುವುದು, ವಾಪಸು ಬರುವುದು. ಒಂದು ದಿನ ಹುಳುಮನೆಯ ಬೀಗ ತೆಗೆದ ಸದ್ದಾಯಿತು. ಹೋಗಿ ನೋಡಿದರೆ, ಬ್ಲೀಚಿಂಗ್ ನೀರು ಇಲ್ಲದ ಖಾಲಿ ಬಾನಿಯ ಪಕ್ಕ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಗೋಡೆಯ ಮೇಲಿನ ಕೊಳವೆಗಳಲ್ಲಿ ಬಿಸಿ ಎಷ್ಟು ಎಂದು ನೋಡುತ್ತಿದ್ದರು. ಒಳಗೆ ಒಂದು ಹುಳುವೂ ಇರಲಿಲ್ಲ. ನಾನು ಬಾಗಿಲಲ್ಲೇ ನಿಂತು, "ಬನ್ನಿ, ಬಿ.ಪಿ. ನೋಡೋಣ" ಎಂದೆ. ರಜೆಯಲ್ಲಿ ನನಗೆ ಬಸ್ಸು ಹಿಡಿಯುವ ಅವಸರವಿಲ್ಲವಲ್ಲ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ನೋಡುತ್ತಿದ್ದೆ. ಹುಳು ಇದ್ದಾಗಿನದಕ್ಕಿಂತ ಅಂಕಿ ಮೇಲಕ್ಕೆ ಹೋಯಿತು. ಡಾಕ್ಟರಿಗೆ ಫೋನು ಮಾಡಿದರೆ, ಮುಂದಿನ ವಾರ ಕರೆದುಕೊಂಡು ಬನ್ನಿ, ಇನ್ನೊಂದು ಮಾತ್ರೆ ಹಾಕುವುದೋ ಏನೋ ನೋಡೋಣ ಎಂದರು.

ಅದೇ ಹೊತ್ತಿಗೆ ನನಗೆ ರಾಮನಗರದಲ್ಲಿ ಶಿಕ್ಷಕರ ತರಬೇತಿ ಬಂತು. ಹೋಗದೆ ವಿಧಿಯಿಲ್ಲ. ತವರಿನಲ್ಲೇ ಉಳಿದುಕೊಂಡು ದಿನವೂ ಸಂಜೆ ಫೋನು ಮಾಡುತ್ತಿದ್ದೆ. "ಎಷ್ಟು ಬಂತು?" ಎಂದು ಕೇಳಿದರೆ ಯಜಮಾನರು "ನೂರ ಇಪ್ಪತ್ತೆಂಟು" ಎನ್ನುವರು. ಮರುದಿನ "ನೂರ ಮೂವತ್ತು." ಅದರ ಮರುದಿನವೂ ಅಷ್ಟೇ. ಸುಳ್ಳು ಎಂದು ನನಗೆ ಖಾತ್ರಿಯಾಯಿತು. ಹೋಮ್‌ವರ್ಕ್ ಮಾಡದ ಹುಡುಗರು ಎಷ್ಟು ಸಲೀಸಾಗಿ ಮಾಡಿದ್ದೀನಿ ಮಿಸ್ ಎನ್ನುತ್ತಾರೋ ಅಷ್ಟೇ ಸಲೀಸಾಗಿತ್ತು ಆ ದನಿ. ಅತ್ತೆಗೆ ಫೋನು ಕೊಡಿ ಎಂದೆ. "ಅದೇ ಬತ್ತದೆ ಕಣವ್ವ. ನಾನೂ ಅವ್ನೂ ಜಗುಲಿ ಮೇಲೆ ಕುಂತ್ಕಂಡು ಹುಣ್ಸೆಹಣ್ಣು ಬಿಡಿಸ್ತಾ ನೋಡ್ಕತೀವಿ" ಎಂದರು. ಮಾತಾಡುತ್ತಾ, ಹುಣಸೆ ಬಿಡಿಸುತ್ತಾ ಬಿ.ಪಿ. ನೋಡುವುದೇ? ತಾಯಿ ಮಗ ಸೇರಿಕೊಂಡು ನನಗೆ ಟೋಪಿ ಹಾಕುತ್ತಿದ್ದಾರೆ ಎಂದು ಆ ರಾತ್ರಿಯೆಲ್ಲ ಸಂಕಟಪಟ್ಟೆ. ಬೆಳಿಗ್ಗೆ ಮುಖ ತೊಳೆಯಲು ಹೋದಾಗ ಎದುರಿಗೆ ಅಪ್ಪನ ಕನ್ನಡಿ. ಅಮ್ಮ ಅದನ್ನು ಇನ್ನೂ ತೆಗೆದಿಲ್ಲ.

ತರಬೇತಿ ಮುಗಿಸಿ ಮನೆಗೆ ಬಂದವಳು ಬ್ಯಾಗು ಇಟ್ಟು ಮೊದಲು ಮಾಡಿದ ಕೆಲಸ ಪಟ್ಟಿ ಕಟ್ಟಿದ್ದು. ನೂರ ಅರವತ್ತೆರಡು. "ಏನ್ರೀ ಇದು? ಫೋನಲ್ಲಿ ಏನು ಹೇಳಿದ್ರಿ ನೀವು?" ಎಂದೆ. ನನ್ನ ದನಿ ಏರಿತು. ಅವರದೂ ಏರಿತು. "ಬಂದಿದ್ನೇ ಏಳಿದ್ದು ಕಣೆ. ಸುಳ್ಳೇಳಿ ನಂಗೇನಾಗ್ಬೇಕು" ಎಂದು ಪಟ್ಟಿಯನ್ನು ಕಿತ್ತು ಮೇಜಿನ ಮೇಲೆ ಹಾಕಿ ತೋಟದ ಕಡೆ ಹೊರಟುಹೋದರು. ಅತ್ತೆ ಮೂಲೆಯಲ್ಲಿ ಕೂತಿದ್ದರು. ನಿಧಾನವಾಗಿ, "ಒಂದ್ ಮಾತು ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣವ್ವ. ನೀನು ಆ ಪಟ್ಟಿ ಕಟ್ಟಿ ಬಗ್ಗಿ ನೋಡೋವಾಗ ನಿನ್ ಮುಕ ನೋಡಿದ್ರೆ, ಇಲ್ಲಿ ಕುಂತಿರೋ ನಂಗೇ ಎದೆ ಡವಗುಟ್ಟತದೆ" ಎಂದರು. ನಾನು ಬೇಜಾರು ಮಾಡಿಕೊಂಡೆ. ಇಷ್ಟು ದಿನ ಯಾರಿಗಾಗಿ ಇಷ್ಟೆಲ್ಲ ಮಾಡಿದೆ ಎಂದು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಡಾಕ್ಟರ ಹತ್ತಿರ ಹೋದೆವು. ಒಳಗೆ ಹೋದ ಮೇಲೆ ನಾನೇ ಎಲ್ಲವನ್ನೂ ವರದಿ ಮಾಡಿದೆ. ಡಾಕ್ಟರು ಪಟ್ಟಿ ಕಟ್ಟಿದರು. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ನಿಂತು ಬಗ್ಗಿ ನೋಡಿದೆ. ನೂರ ಐವತ್ತೆಂಟು. ನೋಡಿ, ನಾನು ಹೇಳಲಿಲ್ಲವೇ ಎನ್ನುವಂತೆ ಡಾಕ್ಟರ ಮುಖ ನೋಡಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಮೇಡಂ, ಸ್ವಲ್ಪ ಹೊತ್ತು ಹೊರಗೆ ಕೂತಿರ್ತೀರಾ?" ಎಂದರು. ಹೊರಗೆ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಡಾಕ್ಟರೂ ಯಜಮಾನರೂ ಈ ಸಲದ ಹಿಪ್ಪುನೇರಳೆ ಸೊಪ್ಪಿನ ಬಗ್ಗೆ ಮಾತಾಡುವುದು ಕೇಳಿಸುತ್ತಿತ್ತು, ನಡುವೆ ಒಂದು ಸಲ ನಗುವೂ ಕೇಳಿಸಿತು. ಬಿ.ಪಿ. ನೋಡುವುದು ಬಿಟ್ಟು ಇದೇನು ಹರಟೆ ಎಂದು ಕೂತಲ್ಲೇ ಚಡಪಡಿಸಿದೆ. ಕರೆದಾಗ ಒಳಗೆ ಹೋದರೆ ಯಂತ್ರದಲ್ಲಿ ನೂರ ಇಪ್ಪತ್ತಾರು ಎಂದಿತ್ತು. "ಈಗ ನೀವು ಇಲ್ಲೇ ನಿಂತ್ಕೊಳ್ಳಿ" ಎಂದು ಮತ್ತೆ ಗುಂಡಿ ಒತ್ತಿದರು. ನಾನು ಉಸಿರು ಹಿಡಿದು ನಿಂತೆ. ನೂರ ಐವತ್ತು.

"ಮಿಷನ್ನು ಸರಿ ಇದೆಯಾ ಸರ್?" ಎಂದೆ. "ಮಿಷನ್ನು ಸರಿಯಾಗೇ ಇದೆ ಮೇಡಂ. ಮಾತ್ರೆಯೂ ಸರಿಯಾಗೇ ಕೆಲಸ ಮಾಡ್ತಾ ಇದೆ" ಎಂದು ಅವರು ಪಟ್ಟಿ ಬಿಚ್ಚತೊಡಗಿದರು. ಮುಂದಿನದನ್ನು ನಾನೇ ಪೂರ್ತಿ ಮಾಡಿಕೊಳ್ಳಲಿ ಎಂದು ಬಿಟ್ಟಿದ್ದರು. ಖಾಲಿ ಬಿಟ್ಟ ಸ್ಥಳ ತುಂಬಿರಿ ಎಂದು ನಾನೇ ಎಷ್ಟು ಪ್ರಶ್ನೆಪತ್ರಿಕೆ ತೆಗೆದವಳು. ಇದು ತುಂಬ ಸುಲಭದ ಪ್ರಶ್ನೆಯಾಗಿತ್ತು. ಒಂದು ಬೆಳೆಯನ್ನೇ ಬಿಡಿಸಿ, ಉಪ್ಪು ಬಿಡಿಸಿ, ಟಿವಿ ಆರಿಸಿ, ಕೋಳಿ ಅಟ್ಟಿ, ಮನೆಯಿಂದ ಒತ್ತಡ ಕೊಡುವ ವಸ್ತುಗಳನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದ ಮೇಲೆ, ಮೇಜಿನ ಪಕ್ಕ ಒಂದು ಮಾತ್ರ ಉಳಿದಿತ್ತು. ಅದು ಸೀರೆ ಉಟ್ಟುಕೊಂಡು ನಿಂತಿತ್ತು.

ನಗಬೇಕು ಎಂದುಕೊಂಡೆ. ಆಗಲಿಲ್ಲ, ಕಣ್ಣಲ್ಲಿ ನೀರು ಬಂತು. "ನನಗೆ ಭಯ ಸರ್" ಎಂದೆ. ಅಲ್ಲಿಯ ತನಕ ಆ ಪದವನ್ನು ನಾನು ಒಂದು ಸಲವೂ ಬಾಯಲ್ಲಿ ಹೇಳಿರಲಿಲ್ಲ. ಅಪ್ಪನ ಕನ್ನಡಿ, ಅರ್ಧ ಮುಖದ ನೊರೆ, ಧಾರೆಯಲ್ಲಿ ಚಿಕ್ಕಪ್ಪ ಹಿಡಿದ ಕೈ, ಎಲ್ಲವನ್ನೂ ಡಾಕ್ಟರ ಮುಂದೆ ಹೇಳಿದೆ. ಹೊರಗೆ ರೋಗಿಗಳು ಕಾಯುತ್ತಿದ್ದಾರೆ ಎಂಬುದೂ ನೆನಪಾಗಲಿಲ್ಲ. ಯಜಮಾನರು ನೆಲ ನೋಡುತ್ತಾ ಕೂತಿದ್ದರು. ಡಾಕ್ಟರು ಎರಡನೇ ಮಾತ್ರೆ ಬರೆಯಲಿಲ್ಲ. ಒಂದನ್ನು ತಪ್ಪಿಸಬಾರದು, ಬಿ.ಪಿ.ಯನ್ನು ಅವರೇ ನೋಡಿಕೊಳ್ಳಲಿ, ಹುಳು ಸಾಕುವುದನ್ನು ಬಿಡುವುದು ಬೇಡ, ಆದರೆ ಕೆಲಸಕ್ಕೆ ಒಂದು ಆಳು ಇಟ್ಟುಕೊಳ್ಳಿ ಎಂದರು. ನನಗೆ ಒಂದು ಲೋಟ ನೀರು ತರಿಸಿಕೊಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ಯಜಮಾನರು ಕಡಲೆಕಾಯಿ ಪೊಟ್ಟಣ ತಂದು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ಉಪ್ಪು ಹಾಕಿದ ಕಡಲೆಕಾಯಿ. ನಾನೇ ಸುಲಿದು ಅವರ ಕೈಗೂ ನಾಲ್ಕು ಕಾಳು ಹಾಕಿದೆ. ಅವರು ಎದುರಿನ ಬಸ್ಸನ್ನು ನೋಡುತ್ತಲೇ, "ಮಾವ ಅಂಗಾದ್ದು ನಿನ್ ಮನ್ಸಲ್ಲಿ ಇಷ್ಟು ಕುಂತೈತೆ ಅಂತ ನಂಗೇನು ಗೊತ್ತು. ನಿಂಗೆ ಬಯ ಆದ್ರೆ ಬಾಯ್ಬುಟ್ಟು ಏಳು ಸರೋಜ. ಅದ್ನ ತಂದು ನನ್ ತೋಳಿಗೆ ಕಟ್ಬ್ಯಾಡ" ಎಂದರು. ನಮ್ಮ ಮದುವೆಯಾದಂದಿನಿಂದ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು. ಹುಳುವಿನ ವಿಷಯವಿಲ್ಲದ ಮಾತುಗಳಲ್ಲಂತೂ ಹೌದು.

ಈಗ ಹುಳುಮನೆಗೆ ಮತ್ತೆ ಹುಳು ಬಂದಿದೆ, ಸೊಪ್ಪು ಕೊಯ್ಯಲು ಒಬ್ಬ ಆಳೂ ಬರುತ್ತಾನೆ. ಬಿ.ಪಿ. ಮಿಷನ್ನು ಯಜಮಾನರ ಬಳಿಯೇ ಇದೆ. ಅವರು ಅದನ್ನು ಯಾವಾಗ ಕಟ್ಟಿಕೊಳ್ಳುತ್ತಾರೆ, ಎಷ್ಟು ಬರುತ್ತದೆ ಎಂದು ನಾನು ಕೇಳುವುದಿಲ್ಲ. ಕೇಳದೇ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದು ಅದನ್ನು ಮಾಡಿದವರಿಗೇ ಗೊತ್ತು. ಅದರ ಬದಲಿಗೆ ದಿನವೂ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅವರೇ ತೋಟದಿಂದ ಬಂದು ಬಾಗಿಲಲ್ಲಿ ನಿಂತು, "ಇವತ್ತು ಎಷ್ಟೈತೆ ಬಯ?" ಎಂದು ಕೇಳುತ್ತಾರೆ. ಮೊದಲ ದಿನ ತಮಾಷೆ ಎಂದುಕೊಂಡೆ. ತಮಾಷೆಯಲ್ಲ, ಉತ್ತರ ಸಿಗುವ ತನಕ ಅವರು ದಾರಿ ಬಿಡುವುದಿಲ್ಲ. ನಾನು ಚಪ್ಪಲಿ ಮೆಟ್ಟುತ್ತಾ "ಒಸಿ ಐತೆ" ಎನ್ನುತ್ತೇನೆ. ಅವರು ತಲೆಯಾಡಿಸಿ ಒಳಗೆ ಹೋಗುತ್ತಾರೆ. ನಿಜ ಹೇಳಬೇಕೆಂದರೆ ಒಸಿ ಅಲ್ಲ, ಎಷ್ಟೋ ದಿನ ತುಂಬಾನೇ ಇರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಅವರ ಬಿ.ಪಿ. ಏರೀತಲ್ಲ ಎಂದು ಒಂದಿಷ್ಟು ಕಡಿಮೆ ಮಾಡಿಯೇ ಹೇಳುತ್ತೇನೆ.